ಬೀರ್‌ಭೂಮ್‌ನ ಪಟ್ಟಿ: ಪ್ರತಿ ಮೂರನೇ ಪಂಚಾಯತಿಗೆ ಮಹಿಳೆ ಬಂದಾಗ

2000ನೇ ಇಸವಿ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆ. ಸಮೀಕ್ಷೆಯವರು ಊರಿಂದ ಊರಿಗೆ ಹೋಗುತ್ತಿದ್ದರು. ಪ್ರತಿ ಊರಲ್ಲೂ ಹತ್ತಿಪ್ಪತ್ತು ಜನರನ್ನು ಒಂದು ಕಡೆ ಸೇರಿಸಿ ಒಂದು ಕೆಲಸ ಹೇಳುತ್ತಿದ್ದರು: ನಿಮ್ಮ ಊರಿನ ನಕ್ಷೆ ಬರೆಯಿರಿ. ದಾರಿ ಎಲ್ಲಿದೆ, ಶಾಲೆ ಎಲ್ಲಿದೆ, ಬಾವಿ ಎಲ್ಲಿದೆ, ಕೈಪಂಪು ಎಲ್ಲಿದೆ, ಎಲ್ಲವನ್ನೂ ಗುರುತು ಹಾಕಿ. ಆಮೇಲೆ ಒಂದೊಂದರ ಮೇಲೂ ಬೆರಳಿಟ್ಟು ಕೇಳುವುದು. ಇದನ್ನು ಯಾವಾಗ ಹಾಕಿದರು? ಕೆಟ್ಟಿತ್ತಾ? ಕೆಟ್ಟಿದ್ದರೆ ರಿಪೇರಿ ಆಯ್ತಾ? 1998ರ ಮೇ ತಿಂಗಳ ಈಚೆಗೆ ಆಗಿದ್ದಾ, ಅದಕ್ಕೂ ಮುಂಚೆಯಾ?

ಅಷ್ಟೇ ಪ್ರಶ್ನೆ. ಆದರೆ "1998ರ ಮೇ ಈಚೆಗೆ" ಅನ್ನುವ ಮಾತಿನಲ್ಲೇ ಎಲ್ಲ ಇತ್ತು. ಆ ತಿಂಗಳು ಬಂಗಾಳದಲ್ಲಿ ಪಂಚಾಯತಿ ಚುನಾವಣೆ ನಡೆದಿತ್ತು. ಅಲ್ಲಿ ಗ್ರಾಮ ಪಂಚಾಯತಿಯ ಮುಖ್ಯಸ್ಥರನ್ನು ಪ್ರಧಾನ್ ಅನ್ನುತ್ತಾರೆ. ಮೊದಲ ಸಲ, ಮೂರರಲ್ಲಿ ಒಂದು ಪ್ರಧಾನ್ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಮಹಿಳೆಯರು ಅಧಿಕಾರಕ್ಕೆ ಬಂದರೆ ಊರಿನ ಅಭಿವೃದ್ಧಿಯಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದಾ? ಈ ಪ್ರಶ್ನೆಗೆ ಬಡ ದೇಶಗಳ ಪ್ರಜಾಪ್ರಭುತ್ವಗಳಲ್ಲಿ ಸಿಕ್ಕಿರುವ ಗಟ್ಟಿ ಉತ್ತರಗಳಲ್ಲಿ ಒಂದು ಈ ಜಿಲ್ಲೆಯಿಂದ ಬಂದಿದೆ. ಅದನ್ನು ಪೂರ್ತಿ ಹೇಳಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಯಾಕೆಂದರೆ ಈ ಕಥೆಯ ಮೊದಲ ಭಾಗವನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ನಿಜವಾದ ವಿಷಯ ಇರುವುದು ಎರಡನೇ ಭಾಗದಲ್ಲಿ.

ಸದಸ್ಯೆಯರು ಬಂದರು, ಕುರ್ಚಿ ಬರಲಿಲ್ಲ

ಬೀರ್‌ಭೂಮ್ ಕೋಲ್ಕತ್ತಾದಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರ. ಜಿಲ್ಲಾ ಕೇಂದ್ರ ಸೂರಿ. ಶಾಂತಿನಿಕೇತನ ಇರುವುದೂ ಇದೇ ಜಿಲ್ಲೆಯಲ್ಲಿ. ಪಶ್ಚಿಮದ ಕಡೆ ಕೆಂಪು ಮಣ್ಣಿನ ಒಣ ನೆಲ, ಪೂರ್ವಕ್ಕೆ ಬಂದರೆ ಭತ್ತದ ಗದ್ದೆ. 1991ರ ಜನಗಣತಿಯ ಹೊತ್ತಿಗೆ ಸುಮಾರು 25 ಲಕ್ಷ ಜನ.

ಪಂಚಾಯತಿ ವಿಷಯದಲ್ಲಿ ಬಂಗಾಳ ಹೊಸಬ ಅಲ್ಲ. 1973ರಲ್ಲಿ ಅದರ ಪಂಚಾಯತಿ ಕಾಯಿದೆ ಬಂತು. ಎಡರಂಗ ಸರ್ಕಾರ ಬಂದ ಮೇಲೆ 1978ರಲ್ಲಿ ಚುನಾವಣೆ ಆಯಿತು. ಆಮೇಲೆ ಐದೈದು ವರ್ಷಕ್ಕೆ ತಪ್ಪದೆ ನಡೆಯಿತು. ಬೇರೆ ಎಷ್ಟೋ ರಾಜ್ಯಗಳಲ್ಲಿ ಪಂಚಾಯತಿ ಚುನಾವಣೆ ಅಂದರೆ ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ ಅನ್ನುವ ಕಾಲ ಅದು.

1992ರ ಕೊನೆಯಲ್ಲಿ ಸಂಸತ್ತು ಸಂವಿಧಾನದ 73ನೇ ತಿದ್ದುಪಡಿಯನ್ನು ಒಪ್ಪಿತು. 1993ರ ಏಪ್ರಿಲ್ 24ರಿಂದ ಅದು ಜಾರಿಗೆ ಬಂತು. ಪಂಚಾಯತಿ ಸೀಟುಗಳಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರಿಗೆ ಮೀಸಲು ಇಡಬೇಕು. ಅಧ್ಯಕ್ಷ ಸ್ಥಾನಗಳಲ್ಲೂ ಅಷ್ಟೇ. ಇದು ಆಕಾಶದಿಂದ ಉದುರಿದ್ದಲ್ಲ. ಕರ್ನಾಟಕದ 1983ರ ಕಾಯಿದೆಯಲ್ಲೇ ಮಹಿಳೆಯರಿಗೆ ಶೇಕಡಾ 25 ಸೀಟು ಇತ್ತು, 1987ರಲ್ಲಿ ಆ ಪ್ರಕಾರ ಚುನಾವಣೆಯೂ ಆಗಿತ್ತು.

1993ರ ಚುನಾವಣೆಯಲ್ಲಿ ಬಂಗಾಳ ಒಂದು ಅರ್ಧ ಹೆಜ್ಜೆ ಇಟ್ಟಿತು. ಸದಸ್ಯರ ಸೀಟುಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಕೊಟ್ಟಿತು. ಪ್ರಧಾನ್ ಸ್ಥಾನವನ್ನು ಮುಟ್ಟಲಿಲ್ಲ. ಸದಸ್ಯೆಯರು ಇಷ್ಟು ಜನ ಬಂದ ಮೇಲೆ ಕೆಲವರು ತಾವಾಗೇ ಮೇಲೆ ಬರುತ್ತಾರೆ ಅನ್ನುವ ಲೆಕ್ಕಾಚಾರ ಇದ್ದಿರಬೇಕು. ಏನಾಯಿತು ನೋಡಿ. ರಾಜ್ಯದ 3,324 ಗ್ರಾಮ ಪಂಚಾಯತಿಗಳಲ್ಲಿ ಮಹಿಳೆ ಪ್ರಧಾನ್ ಆಗಿದ್ದು 196 ಕಡೆ ಮಾತ್ರ. ನೂರಕ್ಕೆ ಆರು ಕೂಡ ತುಂಬಲಿಲ್ಲ.

ಈ 196 ನನಗೆ ತುಂಬಾ ಮುಖ್ಯ ಅನಿಸುತ್ತದೆ. "ಮೀಸಲು ಯಾಕೆ ಬೇಕು, ಯೋಗ್ಯತೆ ಇದ್ದರೆ ತಾವೇ ಬರುತ್ತಾರೆ" ಅಂತ ಇವತ್ತೂ ಕೇಳುತ್ತೇವೆ, ಅಲ್ವಾ? ಬಂಗಾಳ ಅದನ್ನೂ ಮಾಡಿ ನೋಡಿತು. ಮೂರರಲ್ಲೊಬ್ಬರು ಮಹಿಳೆಯರಿದ್ದ ಸಭೆಗಳಲ್ಲೇ ಪ್ರಧಾನ್ ಆಯ್ಕೆ ನಡೆಯಿತು. ಆದರೂ ಕುರ್ಚಿ ಅವರ ಕಡೆ ತಿರುಗಲಿಲ್ಲ. ಹಾಗಾಗಿ 1998ರ ಏಪ್ರಿಲ್‌ನಲ್ಲಿ ಸರ್ಕಾರ ನಿಯಮ ಬದಲಿಸಿ ಪ್ರಧಾನ್ ಸ್ಥಾನಕ್ಕೂ ಮೀಸಲು ತಂದಿತು. ಮೇ ತಿಂಗಳಲ್ಲಿ ಚುನಾವಣೆ.

ಪಟ್ಟಿ

ಯಾವ ಪಂಚಾಯತಿಗೆ ಮಹಿಳೆ, ಯಾವುದಕ್ಕೆ ಅಲ್ಲ? ಇದನ್ನು ಯಾರೂ ಕೂತು ಆರಿಸಲಿಲ್ಲ. ಜಿಲ್ಲೆಯ ಪಂಚಾಯತಿಗಳಿಗೆಲ್ಲ ಹಿಂದಿನಿಂದಲೂ ಒಂದು ಕ್ರಮಸಂಖ್ಯೆ ಇತ್ತು. ಆ ಸಂಖ್ಯೆಯ ಪ್ರಕಾರ ಸಾಲಾಗಿ ಬರೆದುಕೊಂಡರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಾಮಾನ್ಯ ಅಂತ ಮೂರು ಪಟ್ಟಿ ಮಾಡಿದರು. ಪ್ರತಿ ಪಟ್ಟಿಯಲ್ಲೂ ಮೊದಲನೆಯದರಿಂದ ಶುರು ಮಾಡಿ ಪ್ರತಿ ಮೂರನೆಯದನ್ನು ಮಹಿಳೆಗೆ ಗುರುತು ಹಾಕಿದರು. ಮುಗಿಯಿತು.

ಗುಮಾಸ್ತರ ಕೆಲಸದ ಹಾಗೆ ಕಾಣುತ್ತದೆ. ಆದರೆ ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ. ಸಾಮಾನ್ಯವಾಗಿ ಮಹಿಳೆ ಗೆದ್ದ ಊರು ಮೊದಲೇ ಸ್ವಲ್ಪ ಬೇರೆ ಥರ ಇರುತ್ತದೆ. ಅಲ್ಲಿ ಓದಿದವರು ಜಾಸ್ತಿ ಇರಬಹುದು, ಮನಸ್ಸು ಸ್ವಲ್ಪ ತೆರೆದಿರಬಹುದು. ಅಂಥ ಊರಲ್ಲಿ ನೀರು ಚೆನ್ನಾಗಿದೆ ಅಂದರೆ ಅದು ಮಹಿಳೆಯಿಂದ ಆಯಿತೋ ಊರಿಂದ ಆಯಿತೋ ಹೇಳೋದು ಹೇಗೆ? ಬೀರ್‌ಭೂಮ್‌ನಲ್ಲಿ ಈ ಗೊಂದಲ ಇರಲಿಲ್ಲ. ಪಟ್ಟಿಗೆ ಊರಿನ ಗುಣ ಗೊತ್ತಿರಲಿಲ್ಲ. ಕೋಲ್ಕತ್ತಾದ ಐಐಎಂನಲ್ಲಿದ್ದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಅಮೆರಿಕದ ಎಂಐಟಿಯ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಇದನ್ನೇ ಹಿಡಿದರು. ಸರ್ಕಾರ ತನಗೇ ಗೊತ್ತಿಲ್ಲದೆ ಒಂದು ದೊಡ್ಡ ಪ್ರಯೋಗ ಮಾಡಿಬಿಟ್ಟಿದೆ, ಹೋಗಿ ಎಣಿಸಿದರೆ ಸಾಕು.

ಎಣಿಸಿದರು. ಲೆಕ್ಕಕ್ಕೆ ಸಿಕ್ಕಿದ್ದು 161 ಪಂಚಾಯತಿ. ಅದರಲ್ಲಿ 54 ಮಹಿಳೆಗೆ ಮೀಸಲು, 107 ಅಲ್ಲ. ಮೀಸಲಿಲ್ಲದ 107ರಲ್ಲಿ ಮಹಿಳೆ ಗೆದ್ದಿದ್ದು ನೂರಕ್ಕೆ ಆರೂವರೆ ಕಡೆ. ಐದು ವರ್ಷದ ಹಿಂದಿನ ಲೆಕ್ಕ ಹೆಚ್ಚುಕಡಿಮೆ ಹಾಗೇ ಇತ್ತು.

ನೀರು

ಮೀಸಲು ಪಂಚಾಯತಿಗಳ ಹಳ್ಳಿಗಳಲ್ಲಿ, 1998ರ ಮೇ ಈಚೆಗೆ ಹೊಸದಾಗಿ ಹಾಕಿದ ಅಥವಾ ರಿಪೇರಿ ಮಾಡಿದ ಕುಡಿಯುವ ನೀರಿನ ಸೌಲಭ್ಯ ಸರಾಸರಿ 24ರ ಹತ್ತಿರ. ಉಳಿದ ಕಡೆ 15ರ ಹತ್ತಿರ. ಒಂದು ಹಳ್ಳಿಗೆ ಒಂಬತ್ತು ಜಾಸ್ತಿ. ಅದೂ ಎರಡೇ ವರ್ಷದಲ್ಲಿ.

ಒಂಬತ್ತು ಅಂದರೆ ಏನು ಅನ್ನೋದಕ್ಕೆ ಕೈಪಂಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಳಗೆ ಕೊಳವೆಯಲ್ಲಿ ಮೇಲೆ ಕೆಳಗೆ ಆಡುವ ಒಂದು ದಂಡ, ಅದರ ತುದಿಗೆ ವಾಷರ್. ದಿನಾ ನೂರಾರು ಕೊಡ ಒತ್ತಿ ಒತ್ತಿ ವಾಷರ್ ಸವೆಯುತ್ತದೆ. ಸವೆದ ಮೇಲೆ ಹಿಡಿ ಹಗುರವಾಗುತ್ತದೆ. ಮೊದಲು ಹತ್ತು ಸಲ ಒತ್ತಿದರೆ ತುಂಬುತ್ತಿದ್ದ ಕೊಡಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ಒಂದು ದಿನ ಗಾಳಿ ಮಾತ್ರ ಬರುತ್ತದೆ. ಹಾಕಬೇಕಾದ ಸಾಮಾನಿಗೆ ದೊಡ್ಡ ಬೆಲೆ ಇಲ್ಲ. ಯಾರಾದರೂ ಹೋಗಿ ಪಂಚಾಯತಿಗೆ ಹೇಳಬೇಕು, ಪಂಚಾಯತಿಯಲ್ಲಿ ಯಾರಾದರೂ ಅದನ್ನು ಇವತ್ತಿನ ಕೆಲಸ ಅಂದುಕೊಳ್ಳಬೇಕು. ಪಂಪು ಕೆಟ್ಟಿದೆ ಅಂತ ಮೊದಲು ಗೊತ್ತಾಗುವುದು ಕೊಡ ಹಿಡಿದು ಬಂದವರಿಗೆ. ಆ ಕೊಡ ಯಾರ ಸೊಂಟದಲ್ಲಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹತ್ತಿರದ ಪಂಪು ನಿಂತರೆ ದೂರದ ಪಂಪು, ಅಲ್ಲಿ ಸರದಿ, ಮನೆಗೆ ಬರೋದು ತಡ, ಗದ್ದೆ ಕೆಲಸಕ್ಕೆ ಹೋಗೋದು ತಡ, ಮಗಳನ್ನು ಶಾಲೆಗೆ ಕಳಿಸೋದು ತಡ ಅಥವಾ ಅವಳನ್ನೇ ಇನ್ನೊಂದು ಕೊಡಕ್ಕೆ ಕಳಿಸೋದು. ಒಂದು ವಾಷರ್‌ನ ಹಿಂದೆ ಮನೆಯ ಇಡೀ ದಿನದ ಲೆಕ್ಕ ನಿಂತಿರುತ್ತದೆ. ಆರ್ಥಿಕ ಅಭಿವೃದ್ಧಿ ಅನ್ನುವ ದೊಡ್ಡ ಮಾತು ನೆಲಕ್ಕೆ ತಾಗುವುದು ಇಂಥ ಜಾಗದಲ್ಲಿ.

ಮಹಿಳೆಯರು ನಿಜವಾಗಿ ಏನು ಕೇಳುತ್ತಿದ್ದರು ಅನ್ನೋದನ್ನೂ ಸಂಶೋಧಕರು ನೋಡಿದರು. ಪಂಚಾಯತಿಗೆ ಬಂದ ದೂರು, ಮನವಿಗಳನ್ನು ತೆಗೆದು ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ ಮಾಡಿ ಎಣಿಸಿದರು. ಬಂಗಾಳದ ಹೆಂಗಸರ ಮನವಿಗಳಲ್ಲಿ ಸುಮಾರು ಶೇಕಡಾ 31 ಕುಡಿಯುವ ನೀರಿನದ್ದು. ಗಂಡಸರದ್ದರಲ್ಲಿ ನೀರು ಶೇಕಡಾ 17. ರಸ್ತೆಯ ಬಗ್ಗೆಯೂ ಹೆಂಗಸರೇ ಜಾಸ್ತಿ ಕೇಳಿದ್ದರು. ಮೀಸಲು ಪಂಚಾಯತಿಗಳಲ್ಲಿ ರಸ್ತೆಯೂ ಸುಧಾರಿಸಿತ್ತು.

ಇಲ್ಲಿ ಒಂದು ಅನುಮಾನ ಬರಬೇಕು. ಮಹಿಳೆಯರು ಸುಮ್ನೆ ಎಲ್ಲ ಕೆಲಸವನ್ನೂ ಚೆನ್ನಾಗಿ ಮಾಡಿದರಾ, ಅಥವಾ ತಾವು ಕೇಳುತ್ತಿದ್ದ ಕೆಲಸವನ್ನೇ ಮಾಡಿದರಾ? ಇದಕ್ಕೆ ರಾಜಸ್ಥಾನದ ಉದಯಪುರ ಉತ್ತರ ಕೊಟ್ಟಿತು. ಅಲ್ಲೂ ಇದೇ ಥರ ನೋಡಿದರು. ಅಲ್ಲಿ ಹೆಂಗಸರ ಬೇಡಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ರಸ್ತೆ ಕೇಳುತ್ತಿದ್ದವರು ಹೆಚ್ಚಾಗಿ ಗಂಡಸರು. ಫಲ? ಮಹಿಳೆ ಸರಪಂಚರಾದ ಕಡೆ ನೀರು ಸುಧಾರಿಸಿತು, ರಸ್ತೆ ಹಿಂದೆ ಬಿತ್ತು. ಅಂದರೆ ಕುರ್ಚಿಯಲ್ಲಿ ಕೂತವರು ತಮ್ಮ ಹಾಗೆ ಬದುಕುವವರ ಕಷ್ಟವನ್ನು ಮೊದಲು ಎತ್ತಿಕೊಂಡರು. ಗಂಡಸರು ಇಷ್ಟು ವರ್ಷ ಅದನ್ನೇ ಮಾಡುತ್ತಿದ್ದರು. ನಾವು ಅದನ್ನು ಗಮನಿಸಿರಲಿಲ್ಲ ಅಷ್ಟೇ.

ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ ಹೀಗೆ ಆಗಬಾರದು. ಓಟು ಬೇಕಾದವರು ಯಾರೇ ಆಗಲಿ, ಬಹುಪಾಲು ಜನ ಕೇಳಿದ್ದನ್ನೇ ಮಾಡುತ್ತಾರೆ, ಕೂತವರು ಗಂಡೋ ಹೆಣ್ಣೋ ಲೆಕ್ಕಕ್ಕಿಲ್ಲ ಅನ್ನೋದು ಹಳೆಯ ವಾದ. ಹೆಂಗಸರಿಗೆ ಓಟು ಇದೆಯಲ್ಲ, ಸಾಲದಾ ಅನ್ನುವ ಮಾತಿನ ಬೇರು ಇದೇ. ಸಾಲದು ಅಂತ ಬೀರ್‌ಭೂಮ್ ತೋರಿಸಿತು. ಓಟು ಹಾಕಲು ಹೆಂಗಸರೂ ಹೋಗುತ್ತಿದ್ದರು. ಆದರೆ ವರ್ಷಕ್ಕೆ ಎರಡು ಸಲ ಸೇರುವ ಗ್ರಾಮ ಸಂಸದ್ ಅನ್ನುವ ವಾರ್ಡ್ ಸಭೆಗೆ ಬಂದವರಲ್ಲಿ ಹೆಂಗಸರು ಶೇಕಡಾ 7 ಮಾತ್ರ. ಮಹಿಳೆ ಪ್ರಧಾನ್ ಇದ್ದ ಕಡೆ ಅದು 10ರ ಹತ್ತಿರ ಬಂತು. ಚಿಕ್ಕ ಏರಿಕೆ ನಿಜ. ಆದರೆ ಮೊದಲು ಮೂವತ್ತು ಗಂಡಸರ ನಡುವೆ ಇಬ್ಬರೇ ಕೂರುತ್ತಿದ್ದ ಜಾಗದಲ್ಲಿ ಮೂರನೆಯವಳು ಬಂದು ಕೂತಿದ್ದಾಳೆ.

ಗಂಡನೇ ನಡೆಸುತ್ತಾನೆ ಅನ್ನುವ ಮಾತು

ಈ ವಿಷಯ ಎತ್ತಿದ ತಕ್ಷಣ ಬರುವ ಮಾತು ಇದು. ಹೆಸರಿಗೆ ಹೆಂಡತಿ, ಅಧಿಕಾರ ಗಂಡನದ್ದು. ಇದು ಸುಳ್ಳು ಅಂತ ನಾನು ಹೇಳಲ್ಲ. ಮೀಸಲಿನಿಂದ ಬಂದ ಪ್ರಧಾನ್‌ಗಳು ಉಳಿದವರಿಗಿಂತ ಬಡವರು, ಕಡಿಮೆ ಓದಿದವರು. ಉಳಿದ ಕಡೆಯ ಪ್ರಧಾನ್‌ಗಳು ಸರಾಸರಿ ಹತ್ತು ವರ್ಷದ ಹತ್ತಿರ ಶಾಲೆಗೆ ಹೋಗಿದ್ದರೆ ಇವರು ಏಳು ವರ್ಷ. ಎಷ್ಟೋ ಜನ ರಾಜಕೀಯಕ್ಕೆ ಹೊಸಬರು. ಗಂಡ ಸಹಾಯ ಮಾಡುತ್ತಾನೆ ಅಂತ ಎಷ್ಟೋ ಜನ ತಾವೇ ಹೇಳಿಕೊಂಡಿದ್ದರು.

ಆದರೆ ಸ್ವಲ್ಪ ಯೋಚಿಸಿ. ಎಲ್ಲವನ್ನೂ ಗಂಡನೇ ನಡೆಸುತ್ತಿದ್ದರೆ ಪಂಚಾಯತಿಯ ಖರ್ಚು ಗಂಡಸರು ನಡೆಸುವ ಪಂಚಾಯತಿಯ ಹಾಗೇ ಇರಬೇಕಿತ್ತು. ಇರಲಿಲ್ಲ. ಒಂಬತ್ತು ನೀರಿನ ಸೌಲಭ್ಯ ಜಾಸ್ತಿ ಇತ್ತು. ಹೊಸಬರು ಅನ್ನುವ ಕಾರಣಕ್ಕೆ ಹಾಗಾಯಿತಾ, ಮತ್ತೆ ಆರಿಸಿ ಬರುವ ಅವಕಾಶ ಇಲ್ಲ ಅನ್ನುವ ಕಾರಣಕ್ಕಾ, ಬಡವರು ಅನ್ನುವ ಕಾರಣಕ್ಕಾ ಅಂತ ಸಂಶೋಧಕರು ಒಂದೊಂದಾಗಿ ತೆಗೆದು ನೋಡಿದರು. ಯಾವುದರಿಂದಲೂ ಆ ವ್ಯತ್ಯಾಸ ಕರಗಲಿಲ್ಲ. ಗಂಡ ಪಕ್ಕದಲ್ಲಿ ಕೂತಿದ್ದರೂ ಮನೆಯಲ್ಲಿ ನೀರಿಲ್ಲ ಅಂತ ಗೊತ್ತಿದ್ದವಳು ಅವಳೇ ಅಲ್ವಾ?

ಕೆಲಸ ಆಯಿತು, ಹೆಸರು ಬರಲಿಲ್ಲ

ಇಲ್ಲಿವರೆಗಿನ ಕಥೆಯನ್ನು 2004ರಲ್ಲಿ ಪ್ರಕಟಿಸಿದರು. ಲೋಕಕ್ಕೆಲ್ಲ ಗೊತ್ತಾಯಿತು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಮನಸ್ಸಿಗೆ ನಾಟಿದ್ದು ಇದರ ಮುಂದಿನದು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಅನ್ನುವ ಸಂಸ್ಥೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಒಂದು ದೊಡ್ಡ ಸಮೀಕ್ಷೆ ಮಾಡಿತ್ತು. ಡುಫ್ಲೊ ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞೆ ಪೆಟಿಯಾ ಟೋಪಲೋವಾ ಆ ಅಂಕಿಅಂಶ ಹಿಡಿದು ಕೂತರು. ಮಹಿಳೆಗೆ ಮೀಸಲಾದ ಪಂಚಾಯತಿಗಳಲ್ಲಿ ನೀರಿನ ಸೌಲಭ್ಯ ಜಾಸ್ತಿ ಇತ್ತು, ಅದರ ಗುಣಮಟ್ಟ ಕಡಿಮೆ ಇರಲಿಲ್ಲ. ಲಂಚ ಕೊಟ್ಟೆವು ಅಂದವರು ಕಡಿಮೆ ಇದ್ದರು. ಇಷ್ಟಾದ ಮೇಲೆ ಜನರಿಗೆ ಖುಷಿ ಆಗಿರಬೇಕು. ಆಗಿರಲಿಲ್ಲ. ಅಲ್ಲಿನ ಜನ, ಗಂಡಸರೂ ಹೆಂಗಸರೂ, ತಮ್ಮ ಪಂಚಾಯತಿಯ ಸೌಲಭ್ಯಗಳ ಬಗ್ಗೆ ಉಳಿದ ಕಡೆಯವರಿಗಿಂತ ಕಡಿಮೆ ತೃಪ್ತಿ ಹೇಳಿದರು.

ನೀರು ಬಂತು, ಲಂಚ ಇಳಿಯಿತು, ಆದರೆ "ಅಷ್ಟೇನೂ ಚೆನ್ನಾಗಿಲ್ಲ" ಅನ್ನುವ ಮಾತು ಉಳಿಯಿತು. ನನಗೆ ಇದು ಅನ್ಯಾಯ ಅನಿಸುತ್ತದೆ, ಹೊಟ್ಟೆ ಉರಿಯುತ್ತದೆ. ಹೆಂಗಸರು ಕೂಡ ಹಾಗೇ ಹೇಳಿದರು ಅನ್ನೋದು ಇನ್ನೂ ಜಾಸ್ತಿ ನೋವು. ಆದರೆ ಇದು ಯಾರದೋ ಕೆಟ್ಟ ಮನಸ್ಸಿನ ಕಥೆಯೂ ಅಲ್ಲ. ಎಂದೂ ಹೆಂಗಸನ್ನು ಆ ಕುರ್ಚಿಯಲ್ಲಿ ನೋಡಿಲ್ಲದವರಿಗೆ ಅವಳ ಕೆಲಸವನ್ನು ಅಳೆಯುವ ಅಳತೆಯೇ ಇರುವುದಿಲ್ಲ. ಕಣ್ಣಿಗೆ ರೂಢಿ ಆಗಬೇಕು. ರೂಢಿ ಆಗಲು ಎಷ್ಟು ಕಾಲ ಬೇಕು? ಇದಕ್ಕೂ ಬೀರ್‌ಭೂಮ್ ಉತ್ತರ ಇಟ್ಟುಕೊಂಡಿತ್ತು.

ಒಂದೇ ಮಾತು, ಎರಡು ದನಿ

2003ರಲ್ಲಿ ಮತ್ತೆ ಚುನಾವಣೆ, ಮತ್ತೆ ಹೊಸ ಪಟ್ಟಿ. ಈಗ ಜಿಲ್ಲೆಯಲ್ಲಿ ಬೇರೆ ಬೇರೆ ಥರದ ಪಂಚಾಯತಿಗಳಾದವು. ಎರಡು ಸಲವೂ ಮಹಿಳೆಗೆ ಮೀಸಲಾಗಿದ್ದವು ಕೆಲವು. ಒಂದೇ ಸಲ ಆಗಿದ್ದವು ಕೆಲವು. ಒಮ್ಮೆಯೂ ಆಗದೇ ಇದ್ದವು ಉಳಿದವು. ಯಾವುದು ಯಾವ ಗುಂಪಿಗೆ ಅನ್ನೋದು ಈ ಸಲವೂ ಅದೃಷ್ಟ. ಲೋರಿ ಬೀಮನ್, ರೋಹಿಣಿ ಪಾಂಡೆ, ಜೊತೆಗೆ ಚಟ್ಟೋಪಾಧ್ಯಾಯ, ಡುಫ್ಲೊ, ಟೋಪಲೋವಾ ಸೇರಿ 165 ಪಂಚಾಯತಿಗಳ 495 ಹಳ್ಳಿಗೆ ಹೋದರು.

ಈ ಸಲ ಬೇರೆ ಥರದ ಪರೀಕ್ಷೆ. ಒಂದು ಭಾಷಣ ಕೇಳಿಸಿದರು. ಊರ ಮುಖಂಡರೊಬ್ಬರು ಸಭೆಯಲ್ಲಿ ಆಡುವ ಥರದ ಮಾತು. ಅದೇ ಮಾತನ್ನು ಗಂಡಸಿನ ದನಿಯಲ್ಲೂ ಹೆಂಗಸಿನ ದನಿಯಲ್ಲೂ ರೆಕಾರ್ಡ್ ಮಾಡಿದ್ದರು. ಒಬ್ಬರಿಗೆ ಒಂದು ದನಿ ಮಾತ್ರ. ಯಾರಿಗೆ ಯಾವ ದನಿ ಅನ್ನೋದೂ ಅದೃಷ್ಟಕ್ಕೆ ಬಿಟ್ಟಿದ್ದು. ಕೇಳಿಸಿ ಆದ ಮೇಲೆ ಪ್ರಶ್ನೆ: ಇವರು ಎಷ್ಟು ಸಮರ್ಥರು?

ಎಂದೂ ಮಹಿಳೆ ಪ್ರಧಾನ್ ನೋಡದ ಹಳ್ಳಿಗಳಲ್ಲಿ ಗಂಡಸರು ಹೆಂಗಸಿನ ದನಿಗೆ ಕಡಿಮೆ ಅಂಕ ಕೊಟ್ಟರು. ಪದ ಪದವೂ ಅದೇ ಮಾತು, ದನಿ ಮಾತ್ರ ಬೇರೆ. ಮಹಿಳೆ ಪ್ರಧಾನ್ ಬಂದು ಹೋಗಿದ್ದ ಹಳ್ಳಿಗಳಲ್ಲಿ ಈ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಗಿತ್ತು. ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಹೆಂಗಸು ಅಂದ ತಕ್ಷಣ ಮನಸ್ಸಿಗೆ ಬರುವುದು ಮನೆಕೆಲಸವಾ ಮುಂದಾಳುತನವಾ ಅನ್ನೋದನ್ನು ಉತ್ತರ ಎಷ್ಟು ಬೇಗ ಬರುತ್ತದೆ ಅನ್ನೋದರ ಮೇಲೆ ಅಳೆಯುವ ಪರೀಕ್ಷೆ. ಅಲ್ಲೂ ಗಂಡಸರ ಮನಸ್ಸಿನ ಹಳೆಯ ಗಂಟು ಸ್ವಲ್ಪ ಸಡಿಲಾಗಿತ್ತು.

ಆದರೆ ಒಂದು ವಿಷಯ ಬದಲಾಗಿರಲಿಲ್ಲ. ನಿಮಗೆ ಮುಂದಾಳಾಗಿ ಗಂಡಸು ಇಷ್ಟವಾ ಹೆಂಗಸು ಇಷ್ಟವಾ ಅಂದರೆ ಈಗಲೂ ಗಂಡಸೇ ಇಷ್ಟ. ಇಷ್ಟ ಹಾಗೇ ಇತ್ತು, "ಅವಳ ಕೈಲಿ ಆಗುತ್ತಾ" ಅನ್ನುವ ಅನುಮಾನ ಹೋಗಿತ್ತು. ರಾಜಕೀಯಕ್ಕೆ ಇಷ್ಟು ಸಾಕು ಅನ್ನೋದು ಮುಂದಿನ ಚುನಾವಣೆಯಲ್ಲಿ ಗೊತ್ತಾಯಿತು. ತಮ್ಮ ಊರಿನ ನಿಜವಾದ ಪ್ರಧಾನ್‌ಗೆ ಅಂಕ ಕೊಡುವಾಗಲೂ ಇದೇ ಕಂಡಿತು. ಮೊದಲ ಸಲ ಬಂದ ಮಹಿಳೆಗೆ ಗಂಡಸಿಗಿಂತ ಕಡಿಮೆ ಅಂಕ. ಎರಡನೇ ಸಲ ಮೀಸಲಾದ ಕಡೆ ಬಂದವಳಿಗೆ ಆ ಕೊರತೆ ಇರಲಿಲ್ಲ. ಮೊದಲಿನವಳು ಕಲ್ಲು ಮುಳ್ಳು ಎಲ್ಲ ತುಳಿದು ದಾರಿ ಮಾಡಿದಳು, ಹೆಸರು ಸಿಕ್ಕಿದ್ದು ಎರಡನೆಯವಳಿಗೆ.

2008ರ ಚುನಾವಣೆ ಬಂತು. ಹಿಂದಿನ ಎರಡೂ ಸಲ ಪ್ರಧಾನ್ ಸ್ಥಾನ ಮಹಿಳೆಗೆ ಮೀಸಲಾಗಿದ್ದ ಪಂಚಾಯತಿಗಳಲ್ಲಿ, ಮೀಸಲಿಲ್ಲದ ಸಾಮಾನ್ಯ ಸೀಟಿಗೆ ನಿಂತು ಗೆದ್ದ ಮಹಿಳೆಯರು ಹೆಚ್ಚುಕಡಿಮೆ ಎರಡರಷ್ಟು ಇದ್ದರು. ಎಂದೂ ಮೀಸಲಾಗದ ಪಂಚಾಯತಿಗಳಿಗೆ ಹೋಲಿಸಿ ಹೇಳುವ ಮಾತು ಇದು. ಒಂದೇ ಸಲ ಆಗಿದ್ದ ಕಡೆ ಇಂಥ ಎದ್ದು ಕಾಣುವ ಬದಲಾವಣೆ ಇರಲಿಲ್ಲ. ಒಂದು ಅವಧಿಗೆ ಪಂಪು ಬರುತ್ತದೆ. ಮನಸ್ಸು ತಿರುಗಲು ಎರಡು ಅವಧಿ ಬೇಕು. ಈ ಪ್ರಕರಣದಲ್ಲಿ ನಾನು ಹಿಡಿದುಕೊಂಡಿರುವ ಮಾತು ಇದೇ.

ಶಾಲೆ ಕಟ್ಟದೆ ಓದು ಬಂದಿದ್ದು

ಮಹಿಳಾ ಪ್ರಧಾನ್‌ಗಳ ಲೆಕ್ಕದಲ್ಲಿ ಒಂದು ಕೊರತೆಯೂ ಇತ್ತು. ಬಂಗಾಳದಲ್ಲಿ ಪಂಚಾಯತಿ ಅನೌಪಚಾರಿಕ ಶಿಕ್ಷಣ ಕೇಂದ್ರ ತೆರೆಯಬಹುದಿತ್ತು. ಮಹಿಳೆಗೆ ಮೀಸಲಾದ ಕಡೆ ಅಂಥ ಕೇಂದ್ರಗಳು ಕಡಿಮೆ ಇದ್ದವು. ದೂರು ಪುಸ್ತಕದ ಪ್ರಕಾರ ಶಿಕ್ಷಣದ ಬಗ್ಗೆ ಜಾಸ್ತಿ ಕೇಳಿದ್ದು ಗಂಡಸರು. ಹಾಗಾಗಿ ಇದೂ ಅದೇ ಲೆಕ್ಕಕ್ಕೆ ಸರಿಹೋಗುತ್ತದೆ.

ಆದರೂ ಮುಂದೆ ಓದಿನಲ್ಲೇ ದೊಡ್ಡ ಬದಲಾವಣೆ ಕಂಡಿತು. ಅದೇ 495 ಹಳ್ಳಿಗಳಲ್ಲಿ 11ರಿಂದ 15 ವರ್ಷದ 8,453 ಮಕ್ಕಳನ್ನು, ಅವರ ಅಪ್ಪ ಅಮ್ಮಂದಿರನ್ನು ಮಾತಾಡಿಸಿದರು. ಮಗ ಎಲ್ಲಿವರೆಗೆ ಓದಬೇಕು, ಮಗಳು ಎಲ್ಲಿವರೆಗೆ ಓದಬೇಕು? ದೊಡ್ಡವರಾದ ಮೇಲೆ ಏನಾಗಬೇಕು? ಮದುವೆ ಯಾವಾಗ? ಮಗನಿಗೆ ಒಂದು ಕನಸು, ಮಗಳಿಗೆ ಅದಕ್ಕಿಂತ ಚಿಕ್ಕ ಕನಸು ಇರುತ್ತದಲ್ಲ, ಆ ಅಂತರವನ್ನು ಅಳೆದರು. ಎರಡು ಅವಧಿ ಮಹಿಳೆಗೆ ಮೀಸಲಾಗಿದ್ದ ಹಳ್ಳಿಗಳಲ್ಲಿ ಅಪ್ಪ ಅಮ್ಮಂದಿರ ಮನಸ್ಸಿನ ಅಂತರ ಶೇಕಡಾ 20 ಕಡಿಮೆ ಇತ್ತು. ಮಕ್ಕಳ ಮನಸ್ಸಿನಲ್ಲಿ ಶೇಕಡಾ 32 ಕಡಿಮೆ. ಓದಿನಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಕೆಲಸಕ್ಕೆ ಕೊಡುವ ಹೊತ್ತೂ ಇಳಿದಿತ್ತು.

ಶಾಲೆ ಜಾಸ್ತಿ ಆಗಿರಲಿಲ್ಲ. ಆ ಹಳ್ಳಿಗಳ ಹೆಣ್ಣುಮಕ್ಕಳಿಗೆ ಹೊಸ ಕೆಲಸದ ಅವಕಾಶ ಬಂದಿದ್ದೂ ಕಂಡುಬರಲಿಲ್ಲ. ಉಳಿದ ಕಾರಣ ಒಂದೇ. ಮನೆಯಲ್ಲಿ ಅಪ್ಪ ಏನೋ ಕಾಗದಕ್ಕೆ ಸಹಿ ಬೇಕು ಅಂತ ಪಂಚಾಯತಿಗೆ ಹೊರಡುತ್ತಾನೆ. ಸಹಿ ಹಾಕುವವಳು ಒಬ್ಬ ಹೆಂಗಸು. ಇದನ್ನು ಹತ್ತು ವರ್ಷ ನೋಡಿಕೊಂಡು ಬೆಳೆದ ಹುಡುಗಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಣ ಖರ್ಚಿಲ್ಲದ ಅಭಿವೃದ್ಧಿ ಇದು. ಆದರೆ ಸಮಯದ ಖರ್ಚು ಇದೆ.

ಎಲ್ಲವೂ ಸರಿಯಾಗಲಿಲ್ಲ

ಇಷ್ಟು ಹೇಳಿ ಇನ್ನೊಂದು ಕಡೆ ಮುಚ್ಚಿಟ್ಟರೆ ಸರಿಯಲ್ಲ. ಅರ್ಥಶಾಸ್ತ್ರಜ್ಞರಾದ ಪ್ರಣಬ್ ಬರ್ಧನ್, ದಿಲೀಪ್ ಮುಖರ್ಜಿ ಮತ್ತು ಮೋನಿಕಾ ಪಾರ್ರಾ ಟೊರಾಡೊ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲೇ ಬೇರೆ ಪ್ರಶ್ನೆ ಕೇಳಿದರು. ಪಂಚಾಯತಿಯಿಂದ ಮನೆಮನೆಗೆ ಸಿಗುವ ಸೌಲಭ್ಯ ಯಾರಿಗೆ ತಲುಪುತ್ತದೆ? ಮಹಿಳೆಗೆ ಮೀಸಲಾದ ಕಡೆ, ಊರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದ ಮನೆಗಳಿಗೆ ಅದು ತಲುಪುವುದು ಹಿಂದೆ ಬಿದ್ದಿತ್ತು ಅಂತ ಅವರಿಗೆ ಕಂಡಿತು. ಕೈಪಂಪು ಊರಿಗೆಲ್ಲ ಕಾಣುತ್ತದೆ, ಎಲ್ಲರೂ ಒತ್ತಬಹುದು. ಮನೆ ಸೌಲಭ್ಯಕ್ಕೆ ಯಾರ ಹೆಸರು ಬರೆಯಬೇಕು ಅನ್ನುವಲ್ಲಿ ಹಳೆಯ ಕೈಗಳು ಬೇಗ ಮುಂದೆ ಬರುತ್ತವೆ, ಹೊಸದಾಗಿ ಬಂದ, ಬೆಂಬಲ ಇಲ್ಲದ ಪ್ರಧಾನ್‌ಗೆ ತಡೆಯೋದು ಕಷ್ಟ. ಇದು ನನ್ನ ಓದು. ಹೆಣ್ಣು ಅಂದ ಮಾತ್ರಕ್ಕೆ ಎಲ್ಲ ಬಡವರ ಪರ ಅಂದುಕೊಳ್ಳೋದು ಅವಳ ಮೇಲೆ ಸುಮ್ನೆ ಭಾರ ಹೊರಿಸಿದಂತೆ. ಜಾತಿಯ ಮೀಸಲೂ ಹೆಣ್ಣಿನ ಮೀಸಲೂ ಒಟ್ಟಿಗೆ ನಡೆಯಬೇಕಾದ ಕಾರಣ ಇಲ್ಲಿದೆ.

ಪಂಚಾಯತಿಯ ಮೇಲಿನ ಮಟ್ಟದಲ್ಲಿ ಏನಾಗುತ್ತದೆ? ಅಲ್ಲಿ ಮಹಿಳೆಗೆ ಪಟ್ಟಿ ಇಲ್ಲ, ಹಾಗಾಗಿ ಬೇರೆ ದಾರಿ ಹಿಡಿದರು. ವಿಧಾನಸಭೆ ಚುನಾವಣೆಯಲ್ಲಿ ಗಂಡಸು ಹೆಂಗಸಿನ ನಡುವೆ ಕೂದಲೆಳೆ ಅಂತರದಲ್ಲಿ ತೀರ್ಮಾನವಾದ ಕ್ಷೇತ್ರಗಳನ್ನು ನೋಡಿದರು. ಅಷ್ಟು ಚಿಕ್ಕ ಅಂತರದಲ್ಲಿ ಯಾರು ಗೆದ್ದರು ಅನ್ನೋದು ಹೆಚ್ಚುಕಡಿಮೆ ಅದೃಷ್ಟವೇ. ಸೋನಿಯಾ ಭಲೋತ್ರಾ ಮತ್ತು ಜೊತೆಗಾರರ ಆ ಕೆಲಸದಲ್ಲಿ 1992ರಿಂದ 2012ರವರೆಗಿನ ನಾಲ್ಕು ಸಾವಿರಕ್ಕೂ ಹೆಚ್ಚು ಕ್ಷೇತ್ರಗಳಿದ್ದವು. ಅಭಿವೃದ್ಧಿ ಅಳೆಯಲು ಉಪಗ್ರಹ ತೆಗೆದ ರಾತ್ರಿಯ ಬೆಳಕಿನ ಚಿತ್ರ ಬಳಸಿದರು. ಮಹಿಳೆ ಗೆದ್ದ ಕ್ಷೇತ್ರದಲ್ಲಿ ಬೆಳವಣಿಗೆ ವರ್ಷಕ್ಕೆ ಸುಮಾರು ಶೇಕಡಾ 1.8 ಅಂಶ ಜಾಸ್ತಿ ಇತ್ತು. ಬಂಗಾಳದ ಪಂಪಿನ ಕಥೆಗೆ ದೊಡ್ಡ ಮಟ್ಟದ ಜೊತೆ ಅಂತ ಇದನ್ನು ನೋಡಬಹುದು.

ಸರದಿ

ಬಿಹಾರ 2006ರಲ್ಲಿ ಪಂಚಾಯತಿ ಮೀಸಲನ್ನು ಅರ್ಧಕ್ಕೆ ಏರಿಸಿತು. ಪಶ್ಚಿಮ ಬಂಗಾಳದಲ್ಲಿ 2013ರ ಚುನಾವಣೆ ಶೇಕಡಾ 50 ಮೀಸಲಿನ ಮೇಲೆ ನಡೆಯಿತು. ದೇಶದ ಪಂಚಾಯತಿಗಳಲ್ಲಿ ಇವತ್ತು ಸುಮಾರು 14 ಲಕ್ಷ ಮಹಿಳೆಯರು ಇದ್ದಾರೆ. ಸಂಖ್ಯೆಯ ವಿಷಯದಲ್ಲಿ ಚಿಂತೆ ಇಲ್ಲ. ನನ್ನ ಚಿಂತೆ ಸರದಿಯದ್ದು.

ಮೀಸಲು ಒಂದೇ ಕಡೆ ನಿಲ್ಲದೆ ತಿರುಗುತ್ತಾ ಇರಬೇಕು ಅನ್ನೋದರಲ್ಲಿ ನ್ಯಾಯ ಇದೆ. ಎಲ್ಲ ಊರಿಗೂ ಅವಕಾಶ ಸಿಗಬೇಕು. ಆದರೆ ಮೊದಲ ಐದು ವರ್ಷ ಕಲಿಯೋದರಲ್ಲಿ, ಟೀಕೆ ಕೇಳೋದರಲ್ಲಿ ಹೋಗುತ್ತದೆ. ಜನರ ಕಣ್ಣು ಹೊಂದಿಕೊಳ್ಳುವ ಹೊತ್ತಿಗೆ ಮೀಸಲು ಪಕ್ಕದ ಪಂಚಾಯತಿಗೆ ಹೋಗಿರುತ್ತದೆ. ಬೀರ್‌ಭೂಮ್‌ನಲ್ಲಿ ಎರಡು ಸಲ ಒಂದೇ ಕಡೆ ಬಿದ್ದಿದ್ದು ಪಟ್ಟಿಯ ಅದೃಷ್ಟದಿಂದ. ಅದನ್ನು ಅದೃಷ್ಟಕ್ಕೆ ಬಿಡದೆ ನಿಯಮ ಮಾಡಿದ ರಾಜ್ಯವೂ ಇದೆ. ತಮಿಳುನಾಡಿನಲ್ಲಿ 1996 ಮತ್ತು 2001, ಎರಡೂ ಚುನಾವಣೆಗೆ ಅದೇ ಪಂಚಾಯತಿಗಳು ಮೀಸಲಾಗಿದ್ದವು. ಉಳಿದ ರಾಜ್ಯಗಳೂ ಕನಿಷ್ಠ ಎರಡು ಅವಧಿ ನಿಲ್ಲಿಸಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮೊದಲ ಅವಧಿಯ ಮಧ್ಯದಲ್ಲಿ ಜನಾಭಿಪ್ರಾಯ ಕೇಳಿ "ಮಹಿಳಾ ಮೀಸಲು ಸೋತಿದೆ" ಅಂತ ಬರೆಯುವವರೂ ಸ್ವಲ್ಪ ತಡೆಯಬೇಕು. ಆ ಹೊತ್ತಿಗೆ ಜನ ಕೊಡುವ ಅಂಕ ಕೆಲಸಕ್ಕೆ ಕೊಟ್ಟಿದ್ದಾಗಿರುವುದಿಲ್ಲ ಅನ್ನೋದು ಈಗ ಗೊತ್ತಿದೆ.

ಇದೇ ಪ್ರಶ್ನೆ ಈಗ ದೆಹಲಿಯ ಬಾಗಿಲಲ್ಲೂ ನಿಂತಿದೆ. 2024ರಲ್ಲಿ ಲೋಕಸಭೆಯ 543 ಸ್ಥಾನಗಳಲ್ಲಿ 74 ಮಹಿಳೆಯರು ಗೆದ್ದರು. 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ 106ನೇ ತಿದ್ದುಪಡಿ ಲೋಕಸಭೆಗೂ ವಿಧಾನಸಭೆಗಳಿಗೂ ಮೂರನೇ ಒಂದು ಭಾಗ ಮೀಸಲು ಕೊಡುತ್ತದೆ. ಜನಗಣತಿ ಆಗಿ, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅದು ಜಾರಿಗೆ ಬರಬೇಕು. ಮೀಸಲು ಕ್ಷೇತ್ರ ಪ್ರತಿ ಚುನಾವಣೆಗೆ ತಿರುಗುವುದಿಲ್ಲ, ಮುಂದಿನ ಪ್ರತಿ ಮರುವಿಂಗಡಣೆಯ ನಂತರ ತಿರುಗುತ್ತದೆ ಅಂತ ಅದರಲ್ಲಿ ಬರೆದಿದೆ. ಅಂದರೆ ಒಂದು ಕ್ಷೇತ್ರದ ಜನ ಒಂದಕ್ಕಿಂತ ಜಾಸ್ತಿ ಸಲ ಮಹಿಳೆಯನ್ನೇ ಆರಿಸುವ ಅವಕಾಶ ಇದೆ. ಜೊತೆಗೆ ಈ ಮೀಸಲಿಗೆ 15 ವರ್ಷದ ಗಡುವೂ ಇದೆ. ಬೀರ್‌ಭೂಮ್‌ನ ಲೆಕ್ಕದಲ್ಲಿ ಅದು ಮೂರು ಅವಧಿ.